ಸೌದಾಳ ಎರಡು ಗೆರೆ

ಬಚ್ಚಲಿನಿಂದ ಶುರುಮಾಡಲೋ, ಅಡುಗೆಮನೆಯಿಂದಲೋ? ಬಚ್ಚಲಿನಿಂದಾದರೆ ಗುಟ್ಟು ಮೊದಲೇ ರಟ್ಟಾಗುತ್ತದೆ. ಆಗಲಿ. ಮನೆಯವರಿಗೆ ತಿಳಿಯದಿದ್ದರೆ ಸಾಕು, ಓದುವ ನಿಮ್ಮನ್ನೇಕೆ ಸತಾಯಿಸಲಿ.

1

ತಲಶ್ಶೇರಿಯ ತರವಾಡು ಮನೆ. ಇಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವುದಿಲ್ಲ, ಗಂಡಂದಿರೇ ಬರುತ್ತಾರೆ. ನಲವತ್ತಮೂರರ ಸೌದಾ ಬೆಳಿಗ್ಗೆ ಬಸಿರಿನ ಟೆಸ್ಟ್ ಪಟ್ಟಿಯ ಮೇಲೆ ಎರಡು ಗೆರೆ ಕಂಡಳು. ಹೊರಗೆ ನಾಲ್ಕು ವರ್ಷದ ಮಗಳು ಹನ್ನಾ ಬಾಗಿಲು ಬಡಿಯುತ್ತಿದ್ದಳು. ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು.

(ಮನೆಮಂದಿಗೆಲ್ಲ ಒಂದೇ ಬುಟ್ಟಿ. ನಾನು ಎಚ್ಚರಿಸಬಹುದಿತ್ತು. ಎಚ್ಚರಿಸಿದ್ದರೆ ಕಥೆ ಇರುತ್ತಿರಲಿಲ್ಲ.)

2

ಪಟ್ಟಿ ಅಕ್ಕ ಜಮೀಲಾಳ ಕೈಗೆ ಸಿಕ್ಕಿತು. ಅವಳ ಕಿರಿಮಗಳು ರಿಫಾನಾಳಿಗೆ ಮದುವೆಯಾಗಿ ಮೂರು ತಿಂಗಳು. ಜಮೀಲಾ ಬೇರೆ ಯಾರನ್ನು ನೆನೆದಾಳು? ಮದುಮಕ್ಕಳ ಕೋಣೆಯನ್ನು ಸೌದಾ ಈಚೆಗಷ್ಟೇ ರಿಫಾನಾಳಿಗೆ ಬಿಟ್ಟುಕೊಟ್ಟಿದ್ದಳು. ಆ ಕೋಣೆ ಬಿಟ್ಟವಳು ಹೆರುವವರ ಸಾಲಿನಿಂದಲೂ ಎದ್ದಳೆಂದೇ ಈ ಮನೆಯ ಎಣಿಕೆ.

ರಿಫಾನಾ ಕಾಲೇಜಿನಲ್ಲಿದ್ದಳು, ಫೋನು ಆಫ್. ಜಮೀಲಾ ಕಾಯಲಿಲ್ಲ. ಮೊಟ್ಟೆಯ ಹಳದಿಯನ್ನು ಸಕ್ಕರೆಪಾಕಕ್ಕೆ ಎಳೆಯೆಳೆಯಾಗಿ ಬಿಟ್ಟು ಮುಟ್ಟಮಾಲ ಮಾಡತೊಡಗಿದಳು. ಮಧ್ಯಾಹ್ನ ಬಸಿರಿನ ಸಿಹಿತಟ್ಟೆ ಅಳಿಯನ ತಾಯಿಮನೆಗೆ ಹೊರಡಬೇಕು. ಹೊರಟಿತೆಂದರೆ ಊರಿಗೇ ಸುದ್ದಿ.

3 (ಬಿಟ್ಟುಬಿಟ್ಟ ಕರಡು)

ಸೌದಾ ಕಡಲ ದಂಡೆಗೆ ಹೋಗಿ ಒಬ್ಬಳೇ ಅಳುತ್ತಾಳೆ ಎಂದು ಬರೆದೆ. ಅವಳು ಒಪ್ಪಲಿಲ್ಲ.

"ಹನ್ನಾಗೆ ಅನ್ನ ತಿನ್ಸೋರು ಯಾರು? ನೀವು ಬರ್ತೀರಾ?"

ಹೊಡೆದುಹಾಕಿದೆ. ಅಳುವಷ್ಟು ಬಿಡುವೂ ಅವಳಿಗಿರಲಿಲ್ಲ. ಹನ್ನಾಗಾಗಿ ಹದಿಮೂರು ವರ್ಷ ಕಾದಿದ್ದಳು, ಓಣಿಯವರೆಲ್ಲ ದುವಾ ಮಾಡಿದ್ದರು. ಈಗ ಕೇಳದೆಯೇ ಬಂದದ್ದಕ್ಕೆ ಅದೇ ಓಣಿ ನಗುತ್ತದೆ. ಅಡುಗೆಮನೆಯ ಪಾಕ ನೋಡಿಯೂ ಬಾಯಿ ಬಿಡದಿದ್ದರೆ? ಇಲ್ಲದ ಬಸಿರಿಗೆ ರಿಫಾನಾ ಗಂಡನ ಮನೆಯವರಿಗೆ ಉತ್ತರ ಹೇಳಬೇಕಾಗುತ್ತದೆ.

4

ರಿಫಾನಾ ಬಂದಳು. ತಾಯಿ ಪಟ್ಟಿ ತೋರಿಸಿ ತಬ್ಬಿಕೊಂಡಾಗ ಅವಳಿಗೆ ಏನೂ ತಿಳಿಯಲಿಲ್ಲ. ಚಿಕ್ಕಮ್ಮನ ಮುಖ ನೋಡಿದಾಗ ಎಲ್ಲ ತಿಳಿಯಿತು. ಹತ್ತಿರ ಬಂದು ಪಿಸುಗುಟ್ಟಿದಳು.

"ಎಳೇಮಾ, ಬೇಕಾದ್ರೆ ಸಂಜೆವರೆಗೂ ನಂದೇ ಅಂತಿರ್ಲಿ."

ಅಷ್ಟು ಸಾಕಾಯಿತು.

"ಇತ್ತಾತ್ತಾ, ತಟ್ಟೆ ಕಳಿಸ್ಬೇಡ," ಅಕ್ಕನಿಗೆ ಸೌದಾ ಹೇಳಿದಳು. "ಬಸುರಿ ಅವಳಲ್ಲ. ನಾನು."

ಜಮೀಲಾಳ ಕೈ ಪಾಕದ ಮೇಲೇ ನಿಂತಿತು. ಇಲ್ಲಿ ನಾನೊಂದು ದೀರ್ಘ ಮೌನವನ್ನು ಯೋಜಿಸಿದ್ದೆ. ಆದರೆ ಎಂಬತ್ತು ದಾಟಿದ ಅವರ ತಾಯಿ ಉಮ್ಮ ಒಳಕೋಣೆಯ ಮಂಚದಿಂದಲೇ ಅದನ್ನು ಕೆಡಿಸಿದರು.

"ಎರಡು ವಾರದಿಂದ ಮೀನು ಸಾರಿಗೆ ಮೂಗು ಮುಚ್ಕೊಳ್ತಿರೋದು ಯಾರು ಅಂತ ನೋಡ್ತಾನೇ ಇದೀನಿ. ನಾಚ್ಕೆ ಯಾಕೆ? ಜಮೀಲಾನ ನೋಡೋಕೆ ಗಂಡಿನೋರು ಬಂದಾಗ ನೀನು ನನ್ನ ಹೊಟ್ಟೇಲಿದ್ದೆ. ಆ ಹೊಟ್ಟೆ ಹೊತ್ಕೊಂಡೇ ಚಹಾ ಕೊಟ್ಟೆ."

ಜಮೀಲಾ ತಂಗಿಯನ್ನು ನೋಡಿದಳು, ಪಾತ್ರೆಯನ್ನು ನೋಡಿದಳು.

"ಇಪ್ಪತ್ತನಾಲ್ಕು ಮೊಟ್ಟೆ ಒಡ್ದಿದೀನಿ. ಯಾರ ಗಂಡನ ಮನೆಗಾದ್ರೂ ಹೋಗ್ಲೇಬೇಕು."

ಮೊದಲು ನಕ್ಕವಳು ಸೌದಾ. ನಗುತ್ತ ನಗುತ್ತ ನೆಲದ ಮೇಲೇ ಕುಳಿತುಬಿಟ್ಟಳು. ತಟ್ಟೆ ಅವಳ ಅತ್ತೆಯ ಮನೆಗೆ ಹೋಯಿತು. ಅಂಗಡಿಯಲ್ಲಿದ್ದ ಗಂಡನಿಗೆ ಸುದ್ದಿ ಮುಟ್ಟಿದ್ದು ಅವನ ತಾಯಿಯಿಂದ. (ಇದನ್ನವನು ಜೀವಮಾನವಿಡೀ ಹೇಳಿಕೊಂಡು ತಿರುಗಲಿ, ನನ್ನ ಅಡ್ಡಿಯಿಲ್ಲ.)

5

ಒಂದನೆಯ ಅಂತ್ಯ: ಹೆಣ್ಣು. ಎರಡನೆಯದು: ಗಂಡು. ಮೂರನೆಯದು ಆಸ್ಪತ್ರೆಯ ಉದ್ದ ವರಾಂಡದಲ್ಲಿ, ಬರಿಗೈ. ಅದನ್ನು ಬರೆಯುವುದು ನನಗೆ ತೀರ ಸಲೀಸು. ಅರ್ಧ ಪುಟ ಆಗಲೇ ಆಗಿತ್ತು. ಸೌದಾ ಹಾಳೆಯ ಮೇಲೆ ಕೈಯಿಟ್ಟಳು.

"ಡಾಕ್ಟ್ರು ಫೋನಲ್ಲಿ ಮುಂದಿನ ವಾರ ಬಾ ಅಂದಿದಾರೆ. ಏನಿದ್ರೂ ಆಮೇಲೆ. ಇವತ್ತು ಚೆನ್ನಾಗಿದೀನಿ, ಸುಮ್ನೆ ಬಿಡಿ."

ಹಾಳೆ ಹರಿದೆ.

ಆಮೇಲೇನಾಯಿತು ಎಂದು ಕೇಳಬೇಡಿ. ಅವಳೀಗ ಹನ್ನಾಳ ತಲೆ ಬಾಚುತ್ತಿದ್ದಾಳೆ. ಎರಡು ಜಡೆ ಬೇಕಂತೆ, ಸಿಕ್ಕು ಬಹಳ, ಹುಡುಗಿ ನೆಟ್ಟಗೆ ಕೂರುವುದಿಲ್ಲ. ಒಂದು ಜಡೆ ಆಗಿದೆ.