ಶೀನನ ಮನೆಗೆ ಬಿದ್ದ ಬಹಿಷ್ಕಾರ

ಎಪ್ಪತ್ತೇಳರ ಮಳೆಗಾಲ ಮುಗಿದದ್ದೇ ಶೀನ ಊರಿನ ರಂಪಣಿ ಬಲೆಯನ್ನು ಬಿಟ್ಟು ಮಲ್ಪೆಯ ಪರ್ಸೀನ್ ಎಂಬ ದೊಡ್ಡ ಬಲೆಯ ಯಂತ್ರದ ಬೋಟಿಗೆ ಸೇರಿದ. ಕಾಪು ಕಡಲ ದಡದಲ್ಲಿ ನಿಂತು ನೂರು ಜನ ಎಳೆಯುವ ರಂಪಣಿಗೆ ಮೀನೇ ಬೀಳದಂತೆ, ಆ ಬೋಟುಗಳು ನಡುನೀರಿನಲ್ಲೇ ಎಲ್ಲವನ್ನೂ ಬಳಿದುಕೊಂಡು ಹೋಗುತ್ತಿದ್ದವು. ಊರವರ ಸಿಟ್ಟು ಸುಳ್ಳಲ್ಲ. ಸಭೆ ಸೇರಿ, ಶೀನನ ಮನೆಯವರೊಡನೆ ಯಾರೂ ಮಾತಾಡಬಾರದು ಎಂದು ನಿಶ್ಚಯಿಸಿದರು.

ಮರುದಿನ ಮಗಳು ಕುಶಲಾ ಬಾವಿಗೆ ಹೋದರೆ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೊರಟುಹೋದರು. ಶಾಲೆಯಲ್ಲಿ ಗೆಳತಿ ನಳಿನಾಕ್ಷಿ ಬೆಂಚು ಬದಲಿಸಿದಳು.

ಹತ್ತನೇ ತರಗತಿಯ ಇಂಗ್ಲಿಷ್ ಪಾಠದಲ್ಲಿ ಒಂದು ದಿನ ‘ಬಾಯ್ಕಾಟ್’ ಎಂಬ ಶಬ್ದ ಬಂತು.

“ಇದು ಒಬ್ಬ ಮನುಷ್ಯನ ಹೆಸರು,” ಎಂದರು ಬರ್ತಾ ಟೀಚರ್. “ನೂರು ವರ್ಷದ ಹಿಂದೆ ಐರ್ಲೆಂಡಿನಲ್ಲಿ ದೊಡ್ಡ ಜಮೀನುದಾರರ ಏಜೆಂಟ್ ಆಗಿದ್ದ. ಒಕ್ಕಲುಗಳನ್ನು ಎಬ್ಬಿಸಲು ಹೊರಟ. ಊರವರು ಹೊಡೆಯಲಿಲ್ಲ, ಬಡಿಯಲಿಲ್ಲ. ಆಳುಗಳು ಕೆಲಸಕ್ಕೆ ಹೋಗಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಅವನ ಹೆಸರೇ ಬಹಿಷ್ಕಾರಕ್ಕೆ ಹೆಸರಾಯಿತು.”

ಇಡೀ ತರಗತಿ ಕುಶಲಾಳ ಕಡೆ ತಿರುಗಿತು. ತಾನು ಹೇಳಿದ್ದು ಅವಳ ಮನೆಯ ಕಥೆಯೂ ಹೌದೆಂದು ಟೀಚರಿಗೆ ಹೊಳೆದದ್ದು ಆಮೇಲೆ.

“ಅವನಿಗೆ ಮಕ್ಕಳಿದ್ದರಾ, ಟೀಚರ್?” ಎಂದು ಕುಶಲಾ ಕೇಳಿದಳು.

“ಪುಸ್ತಕದಲ್ಲಿ ಅದು ಇಲ್ಲ, ಮಗಾ.”

ಮನೆಯಲ್ಲಿ ಹೇಳಿದಾಗ ಶೀನ ನಕ್ಕಂತೆ ಮಾಡಿದ. “ಅವನು ದೊಡ್ಡವರ ಏಜೆಂಟ್ ಅಲ್ವಾ? ನಾನು ಯಾರ ಏಜೆಂಟ್? ನನ್ನ ಹೊಟ್ಟೆಯದ್ದಾ?”

ಡಿಸೆಂಬರಿನಲ್ಲಿ ಕುಶಲಾಳ ತಾಯಿ ಬೇಬಿಗೆ ಜ್ವರ ತಲೆಗೇರಿತು. ಶೀನ ಕಡಲಲ್ಲಿದ್ದ. ಸಂಜೆ ಕುಶಲಾ ಏಳು ಮನೆಯ ಬಾಗಿಲು ಬಡಿದಳು. ಒಂದು ಮನೆಯಲ್ಲಿ ರೇಡಿಯೋದ ಸದ್ದು ತಟ್ಟನೆ ನಿಂತಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಕೊನೆಗೆ ಬರ್ತಾ ಟೀಚರ ಮನೆಗೆ ಓಡಿದಳು. ಅವರ ತಮ್ಮ ಬೆಂಜಮಿನ್ ಎಲ್ಲಿಂದಲೋ ಕಾರು ತಂದ. ಮಣಿಪಾಲದ ಆಸ್ಪತ್ರೆ ಮುಟ್ಟುವ ಮೊದಲೇ, ಮಗಳ ಮಡಿಲಲ್ಲಿ, ಬೇಬಿಯ ಉಸಿರು ನಿಂತಿತು.

ಹೆಣಕ್ಕೆ ಹೆಗಲು ಕೊಟ್ಟವರು ಬೋಟಿನ ಮೂವರು ಮತ್ತು ಬೆಂಜಮಿನ್.

ಎರಡು ವರ್ಷದಲ್ಲಿ ರಂಪಣಿಯ ಕಾಲ ಮುಗಿಯಿತು. ಊರವರೇ ಕೂಡಿ ಒಂದು ಪರ್ಸೀನ್ ಬೋಟು ಕೊಂಡರು. ಅದನ್ನು ನಡೆಸಲು ಬಲ್ಲವನು ಊರಲ್ಲಿ ಒಬ್ಬನೇ. ಹಿರಿಯರು ಅಂಗಳಕ್ಕೆ ಬಂದು, “ಹಳೆಯದೆಲ್ಲ ಈಗ ಎಂತಕ್ಕೆ, ಶೀನಾ?” ಎಂದರು.

ಶೀನ “ಆಯಿತು” ಎಂದ. ಒಂಟಿತನ ಅವನಿಗೆ ಸಾಕಾಗಿತ್ತು.

ಕುಶಲಾ ಬಂದವರಿಗೆಲ್ಲ ನೀರು, ಬೆಲ್ಲ ಕೊಟ್ಟಳು. “ಈಗ ಎಂತ ಕಲಿಯುವುದು, ಮಗಾ?” ಎಂದು ಒಬ್ಬರು ಕೇಳಿದರು. ಕುಶಲಾ ಅವರು ಅರ್ಧ ಕುಡಿದ ಲೋಟ ಎತ್ತಿಕೊಂಡು ಒಳಗೆ ಹೋದಳು. ಮುಂದಿನ ತಿಂಗಳು ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋದವಳು ಕಾಪುವಿಗೆ ತಿರುಗಿ ಬಂದದ್ದು ಅಪ್ಪ ತೀರಿಕೊಂಡ ದಿನ.