ಹೆಸರಿಲ್ಲದ ನಂಬರು

ತನುಜಾ ಜಾರಿ ಬಿದ್ದು ಕಾಲು ಉಳುಕಿಸಿಕೊಂಡದ್ದು ಸಾಗರದ ಲ್ಯಾಬಿನ ಮೆಟ್ಟಿಲ ಮೇಲೆ. ಅಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಕೊಡುವ ಕೆಲಸ ಅವಳದು. ಗಂಡನಿಂದ ಬೇರೆಯಾದ ಮೇಲೆ ಪೇಟೆಯಲ್ಲೊಂದು ಮಹಡಿ ಕೋಣೆ ಹಿಡಿದು ಒಬ್ಬಳೇ ಇದ್ದಳು. ಪಟ್ಟಿ ಕಟ್ಟಿದ ಕಾಲಿನ ಫೋಟೋ ತೆಗೆದು, ಹತ್ತನೇ ತರಗತಿಯ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದಳು. ಹೂವು, ಮುಗಿದ ಕೈ, 'ಬೇಗ ಗುಣವಾಗು' ಎಲ್ಲ ಸರಸರನೆ ಬಂದು ಬಿದ್ದವು. ಮಲಗಿದಲ್ಲೇ ಒಂದೊಂದನ್ನೂ ಓದಿದಳು, ಮತ್ತೆ ಮೇಲಿನಿಂದ ಓದಿದಳು. ಅಷ್ಟರಲ್ಲಿ ಯಾರದ್ದೋ ಗೃಹಪ್ರವೇಶದ ವಿಡಿಯೋ ಬಂತು. ಅವಳ ಕಾಲಿನ ಸುದ್ದಿ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಗುಂಪಿನಲ್ಲಲ್ಲದೆ ನೇರ ಅವಳಿಗೇ ಒಂದು ಮೆಸೇಜು ಬಂತು: 'ಕಾಲು ಹ್ಯಾಂಗಿದೆ? ಬಾವು ಇಳಿತಾ?' ಅದರ ಮರುದಿನವೂ ಬಂತು. ನಂಬರಿಗೆ ಹೆಸರಿರಲಿಲ್ಲ. ಮುಖವಿರಬೇಕಾದ ಕಡೆ ಒಂದು ಕಂದು ಕರುವಿನ ಚಿತ್ರ.

ಈ ನಂಬರನ್ನು ಅವಳು ಗುಂಪಿನಲ್ಲಿ ನೋಡಿದ್ದಳು. ಎಲ್ಲರ ಹುಟ್ಟುಹಬ್ಬಕ್ಕೂ ಒಂದು ದಾಸವಾಳ, ಯಾರ ಮನೆಯ ಸಾವಿಗೂ ಒಂದು ದೀಪ. ಅಷ್ಟು ಬಿಟ್ಟರೆ ತುಟಿ ಪಿಟಕ್ಕೆನ್ನದ ಮನುಷ್ಯ. ಯಾರಿರಬಹುದು? ಗುಂಪು ಕಟ್ಟಿದ ರವಿಶಂಕರನಿಗೆ ಫೋನ್ ಮಾಡಿದಳು.

"ಅದು ನಮ್ಮ ಉಮೇಶ ಕಣೆ, ಹಿಂದಿನ ಬೆಂಚಿನವ. ಮೊದ್ಲಿಂದ್ಲೂ ಮಾತು ಕಮ್ಮಿ ಅಲ್ವಾ."

ಉಮೇಶನನ್ನು ಹುಡುಕಿ ಕೇಳಿದರೆ ಅವನು ನಕ್ಕುಬಿಟ್ಟ. "ಆ ನಂಬರ್ ಬಿಟ್ಟು ಎಷ್ಟೋ ವರ್ಷ ಆಯ್ತು ಮಾರಾಯ್ತಿ! ಗುಂಪಲ್ಲಿ ನಾನಿಲ್ಲ ಅಂತ ನಿಮಗ್ಯಾರಿಗೂ ಗೊತ್ತೇ ಆಗ್ಲಿಲ್ವಾ?"

ತನುಜಾಳಿಗೆ ಭಯಪಡಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಕುತೂಹಲವೇ ಗೆದ್ದಿತು. ಕರುವಿನ ನಂಬರಿಗೆ ಕರೆ ಮಾಡಿದಳು.

"ಬ್ಯಾಕೋಡಿನ ಬೆಳ್ಳಪ್ಪ," ಎಂದಿತು ಗಾಬರಿಗೊಂಡ ಮುದಿ ದನಿ. "ತನುಜಮ್ಮ ಅಲ್ದಾ? ತಪ್ಪಾಯ್ತಾ ಕೇಳಿದ್ದು?"

ಕಾಲು ನೆಟ್ಟಗಾದ ಮೇಲೆ ಒಂದು ಭಾನುವಾರ ಅವಳು ಬ್ಯಾಕೋಡಿನ ಬಸ್ಸು ಹತ್ತಿದಳು. ಮೊದಲಾದರೆ ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾಯಬೇಕಿತ್ತು. ಈಗ ಸೇತುವೆಯ ಮೇಲೆ ಬಸ್ಸು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿತು. ಬೆಳ್ಳಪ್ಪ ರಸ್ತೆಗೇ ಬಂದು ನಿಂತಿದ್ದ. ತೆಳ್ಳನೆಯ ಆಳು, ತಲೆಗೊಂದು ಟವೆಲು.

"ಹೊಸ ಸಿಮ್ಮು ಹಾಕ್ಸಿದ ವಾರದಾಗೇ ಈ ಗುಂಪು ಬಂತು," ಎಂದ ಜಗಲಿಯಲ್ಲಿ ಕುಳಿತು. "ಸಿಮ್ಮು ತಗಂಡವ್ರಿಗೆಲ್ಲ ಸರ್ಕಾರದವ್ರು ಒಂದೊಂದ್ ಗುಂಪು ಕೊಡ್ತಾರೆ ಅನ್ಕಂಡಿದ್ದೆ. ಆಮೇಲೆ ಗೊತ್ತಾಯ್ತು, ಮೊದ್ಲು ಬೇರೆಯವ್ರದ್ದಾಗಿದ್ದ ನಂಬರು ಇದು ಅಂತ. ಹೊರಗೆ ಹೋಗದು ಹ್ಯಾಂಗೆ ಅಂತ ತಿಳೀಲಿಲ್ಲ. ತಿಳದ್ ಮೇಲೆ ಮನಸ್ ಬರ್ಲಿಲ್ಲ."

ಅವನ ಹೆಂಡತಿ ಹೂವಮ್ಮ ಕಾಫಿ ತಂದಿಟ್ಟು ಅಲ್ಲೇ ನಿಂತಳು. "ನಿಮ್ಮೆಲ್ರ ಮಕ್ಳ ಹೆಸ್ರೂ ಬಾಯಿಪಾಠ ಇವ್ರಿಗೆ. ಪಕ್ಕದ್ಮನೆ ಸುಬ್ಬಪ್ಪ ಹಾಸಿಗೆ ಹಿಡ್ದು ಮೂರ್ ವಾರ ಆಯ್ತು, ಹೋಗಿ ನೋಡಿ ಅಂದ್ರೆ ನಾಳೆ ಅಂತಾರೆ. ನನ್ ಸಂಗ್ಡ ಕೂತು ಊಟ ಮಾಡದೂ ಇಲ್ಲ. ತಟ್ಟೆ ಪಕ್ಕ ನೀವೇ ಇರ್ತೀರಿ!"

ಬೆಳ್ಳಪ್ಪ ಟವೆಲು ಕೊಡವಿದ. ತನುಜಾಳಿಗೆ ತನ್ನ ಕೋಣೆ ಕಣ್ಣ ಮುಂದೆ ಬಂತು. ಅನ್ನದ ತಟ್ಟೆ, ಲೋಟಕ್ಕೆ ಒರಗಿಸಿದ ಫೋನು. ಅವಳ ಕೋಣೆಯ ಕೆಳಗೂ ಒಂದು ಸಂಸಾರವಿತ್ತು. ಅವರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಹೊರಡುವಾಗ ಬೆಳ್ಳಪ್ಪ ಕೇಳಿದ, "ಹೊಸನಗರದ ವಿನಯಾ ಅನ್ನವ್ರು ಹ್ಯಾಂಗಿದಾರೆ? ದಿನಾ ಫೋಟ ಹಾಕವ್ರು, ಬೇಸಿಗಿಯಿಂದ ಒಂದೂ ಇಲ್ಲ. ನಿಮ್ ಪೈಕಿ ಭಾರೀ ಖುಷಿಯಾಗಿದ್ದವ್ರು ಅವ್ರೇಯ."

ಬಸ್ಸಿನಲ್ಲಿ ಕೂತು ತನುಜಾ ಗುಂಪನ್ನು ಹಿಂದಕ್ಕೆ, ಹಿಂದಕ್ಕೆ ಎಳೆದು ನೋಡಿದಳು. ನಿಜ. ಪ್ರವಾಸ, ರಂಗೋಲಿ, ಹೊಸ ಸೀರೆ ಎಂದು ದಿನಕ್ಕೊಂದು ಹಾಕುತ್ತಿದ್ದ ವಿನಯಾ ಯುಗಾದಿಯ ನಂತರ ಇಲ್ಲವೇ ಇಲ್ಲ. ಯಾರೂ ಕೇಳಿರಲಿಲ್ಲ. ಶಾಲೆಯಲ್ಲಿ ಅವಳ ಪಕ್ಕವೇ ಕೂರುತ್ತಿದ್ದ ತಾನೂ ಕೇಳಿರಲಿಲ್ಲ. ಕರೆ ಮಾಡಿದಳು, ಎತ್ತಲಿಲ್ಲ. ಮನೆ ಮುಟ್ಟಿ ಮತ್ತೆ ಮಾಡಿದಳು.

"ಎಂತಕ್ಕೆ ಮಾಡ್ದೆ?" ವಿನಯಾಳ ದನಿ ಒಣಗಿತ್ತು.

"ಎಂತಕ್ಕೂ ಅಲ್ಲ. ಹೇಗಿದೀಯ ಅಂತ."

ಆ ಕಡೆಯಿಂದ ಮೂಗೆಳೆದ ಸದ್ದು ಬಂತು.

ಮುಂದಿನ ವಾರ ತನುಜಾ ಹೊಸನಗರಕ್ಕೆ ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಎದುರುಬದುರು ಕುಳಿತರು. ವಿನಯಾ ಸೊರಗಿಹೋಗಿದ್ದಳು.

"ಮನೇಲಿ ಯಾರೂ ಯಾರ ಹತ್ರನೂ ಮಾತಾಡ್ತಿರ್ಲಿಲ್ಲ ಕಣೆ. ಫೋಟೋಕ್ಕೆ ಮಾತ್ರ ಒಟ್ಟಿಗೆ ನಿಂತ್ಕೊಳ್ತಿದ್ವಿ. ಆಮೇಲೆ ಒಬ್ಳೇ ಕೂತು ಅದನ್ನೇ ನೋಡ್ತಿದ್ದೆ. ಅದ್ರಲ್ಲಿದ್ದ ವಿನಯಾನ್ನ ನೋಡಿ ನಂಗೇ ಹೊಟ್ಟೆಕಿಚ್ಚು ಆಗ್ತಿತ್ತು." ಹೇಳುತ್ತ ಅರ್ಧ ನಕ್ಕಳು. "ನಿದ್ದೆ ಪೂರ್ತಿ ಹೋಯ್ತು. ಶಿವಮೊಗ್ಗದಲ್ಲಿ ಡಾಕ್ಟ್ರಿಗೆ ತೋರಿಸ್ತಿದೀನಿ. ಮಾತ್ರೆ ತಗೋತಿದೀನಿ. ಯಾರಿಗೂ ಹೇಳ್ಳಿಲ್ಲ. ಎಂತ ಅಂತ ಹೇಳದು, ಅಷ್ಟೆಲ್ಲ ನಗ್ತಾ ಇರೋ ಫೋಟೋ ಹಾಕಿ?"

ದೋಸೆ ತಣ್ಣಗಾಯಿತು. ತನುಜಾ ತನ್ನ ಡೈವೋರ್ಸಿನ ಕತೆ ಹೇಳಿದಳು. ಗುಂಪಿನಲ್ಲಿ ಅದನ್ನೂ ಯಾರಿಗೂ ಹೇಳಿರಲಿಲ್ಲ. ಮತ್ತೊಂದು ಕಾಫಿ ಬಂತು.

"ನಂಗೆ ಫೋನ್ ಮಾಡಬೇಕು ಅಂತ ಈಗ ಹೇಗೆ ತೋಚ್ತು ನಿಂಗೆ?"

ತನುಜಾ ಬೆಳ್ಳಪ್ಪನ ಕತೆ ಹೇಳಿದಳು. ಸಿಮ್ಮಿನ ಜೊತೆ ಸರ್ಕಾರ ಕೊಟ್ಟ ಗುಂಪು ಎಂದಾಗ ವಿನಯಾ ನಿಜವಾಗಿಯೂ ನಕ್ಕಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಬೆಳ್ಳಪ್ಪನವರಿಗೆ ಎಂತ ಹೇಳ್ಲಿ? ಚೆನ್ನಾಗಿದಾಳೆ ಅಂತ ಹೇಳ್ಲಾ?"

ವಿನಯಾ ಯೋಚಿಸಿದಳು. "ಚೆನ್ನಾಗಿ ಅಂತ ಬೇಡ. ಈಗ ಸ್ವಲ್ಪ ನಿದ್ದೆ ಬರ್ತಿದೆ ಅಂತ ಹೇಳು. ತಡಿ, ಫೋನ್ ಮಾಡು, ನಾನೇ ಹೇಳ್ತೀನಿ."