ಗೆಳೆಯನ ಬಾಗಿಲು

"ಈ ಐದು ಪತ್ರಗಳಲ್ಲಿ ಒಂದರಲ್ಲೂ ಚರಂಡಿ ಇಲ್ಲ," ಎಂದರು ಅಕ್ಕ.

ಉಪಸಂಪಾದಕನಿಗೆ ತಲೆಬುಡ ತಿಳಿಯಲಿಲ್ಲ. ಪತ್ರಿಕೆಗೆ ಬರುವ ಓದುಗರ ಪತ್ರಗಳನ್ನು ಆರಿಸುವುದು ಅವನ ಕೆಲಸ. ಅಕ್ಕ ಕರಡು ತಿದ್ದುವವರು. ಮೂವತ್ತು ವರ್ಷದಿಂದ ಅದೇ ಕುರ್ಚಿ. ಸಂಪಾದಕರಿಗೂ ಅವರು ಅಕ್ಕನೇ.

"ನಮ್ಮ ಜನ ಗ್ಯಾಸ್ ಬಗ್ಗೆ ಬರೆಯೋಕೆ ಕೂತ್ರೂ ಕೊನೇಲಿ ಮನೆ ಮುಂದಿನ ಚರಂಡಿಗೆ ಬಂದೇ ಬರ್ತಾರೆ. ಇವರು ಯಾರೂ ಬಂದಿಲ್ಲ."

"ಒಳ್ಳೆ ಭಾಷೆ ಬಲ್ಲವರು, ಅಕ್ಕ."

"ಅದನ್ನೇ ಹೇಳ್ತಿರೋದು."

ಹಡಗಿನಲ್ಲಿ ತರಿಸುವ ಅನಿಲಕ್ಕೆ ಬಂದರಿನಲ್ಲಿ ಟ್ಯಾಂಕುಗಳನ್ನು ಕಟ್ಟಬೇಕೋ, ನೆರೆದೇಶದಿಂದ ಬರುವ ಕೊಳವೆಯನ್ನೇ ನೆಚ್ಚಿಕೊಂಡಿರಬೇಕೋ, ಇವತ್ತು ಸಂಜೆ ಪುರಭವನದಲ್ಲಿ ಜನ ಕೈಯೆತ್ತಿ ಹೇಳುವವರಿದ್ದರು. ಮೂರು ತಿಂಗಳಿಂದ ಟ್ಯಾಂಕು ಬೇಡವೆನ್ನುವ ಪತ್ರಗಳೇ ಹೆಚ್ಚು. ಅವನ್ನು ಓದಿ ಓದಿ ಅವನಿಗೂ ಟ್ಯಾಂಕು ಬೇಡವಾಗಿತ್ತು. ಸಂಪಾದಕೀಯವನ್ನೂ ಅವನೇ ಬರೆದ. "ಇಪ್ಪತ್ತು ಚಳಿಗಾಲ ನಮ್ಮ ಒಲೆ ಉರಿಸಿದ ಗೆಳೆಯನ ಬಾಗಿಲನ್ನು ನಾವೇ ಯಾಕೆ ಮುಚ್ಚಬೇಕು?" ಎಂಬ ಅದರ ಕೊನೆಯ ವಾಕ್ಯ ಊರಿಗೆಲ್ಲ ಬಾಯಿಪಾಠವಾಯಿತು. ಮದುವೆಯಾದ ಹನ್ನೊಂದು ವರ್ಷಕ್ಕೆ ಮೊದಲ ಬಾರಿ ಮಾವ ಅವನ ಬೆನ್ನು ತಟ್ಟಿದರು. ಸಂಜೆ ಮಾತಾಡಲು ಅವನನ್ನು ಕರೆದದ್ದೂ ಆ ವಾಕ್ಯಕ್ಕಾಗಿಯೇ.

ಅಕ್ಕ ಮಡಿಸಿದ ಹಾಳೆಯೊಂದನ್ನು ಬಿಚ್ಚಿದರು. ಪತ್ರಗಳ ವಿಳಾಸ ಹಿಡಿದು ಭಾನುವಾರ ನಡೆದೇ ಹೋಗಿದ್ದರಂತೆ, ಆ ಮಂಡಿನೋವು ಇಟ್ಟುಕೊಂಡು. ಒಂದು ಸಿಮೆಂಟ್ ಗೋದಾಮು. ಇನ್ನೊಂದು ಐವತ್ತೆರಡನೆಯ ನಂಬರಿನ ಮನೆ. ಆ ಬೀದಿ ನಲವತ್ತಕ್ಕೇ ಮುಗಿಯುತ್ತದೆ. ಉಳಿದ ಮೂರು ಕಡೆ ಆ ಹೆಸರಿನವರೇ ಇಲ್ಲ.

"ಗ್ಯಾಸ್ ಕಳಿಸೋ ಆ ದೇಶದ ಸರ್ಕಾರಿ ರೇಡಿಯೊ ನಮ್ಮ ಭಾಷೇಲೂ ಬರುತ್ತೆ, ಬೆಳಿಗ್ಗೆ ಆರಕ್ಕೆ. ಹಾಡು ಚೆನ್ನಾಗಿ ಹಾಕ್ತಾರೆ ಅಂತ ಕೇಳ್ತೀನಿ. ಹಾಡಿನ ಮಧ್ಯೆ ನಿನ್ನ ವಾಕ್ಯ ಬಂತು ಕಣೋ."

"ನನ್ನದನ್ನ ಓದಿರಬೇಕು."

"ನೀನು ಬರೆಯೋಕೆ ಎರಡು ವಾರ ಮುಂಚೆ. ತಾರೀಖು ಬರ್ಕೊಂಡಿದೀನಿ."

ಅವನು ಅಕ್ಕನ ಮುಂದಿದ್ದ ಐದು ಪತ್ರಗಳನ್ನು ಎಳೆದುಕೊಂಡ. ಸಿಮೆಂಟ್ ಗೋದಾಮಿನ ಪತ್ರದಲ್ಲಿ ಆ ವಾಕ್ಯ ಇತ್ತು, ಅಕ್ಷರ ಬಿಡದೆ. ಅದರ ಕೆಳಗೆ ಅವನದೇ ನೀಲಿ ಪೆನ್ಸಿಲಿನ ಗೆರೆ. ಚೆನ್ನಾಗಿದೆಯೆಂದು ಎಳೆದದ್ದು. ಎಳೆದದ್ದನ್ನು ಮರೆತು, ತಾನೇ ಹಡೆದೆನೆಂದು ಬೀಗಿದ್ದ.

ನಾಚಿಕೆಗಿಂತ ಮೊದಲು ಬಂದದ್ದು ಮೆಚ್ಚುಗೆ. ಆ ದೇಶದ ಎಲ್ಲೋ ಒಂದು ಕಚೇರಿಯಲ್ಲಿ ಕೂತು ಈ ಪತ್ರಗಳನ್ನು ಬರೆದು, ಮುಖ ನೋಡದೆಯೇ ಅವನ ಮನಸ್ಸಿನ ಅಳತೆ ತೆಗೆದುಕೊಂಡವನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ಅಕ್ಕನ ಬಗ್ಗೆ. ಎದ್ದು ಹೋಗಿ ಬಾಗಿಲು ಬಡಿದು ನೋಡೋಣವೆಂದು ತನಗೆ ಒಮ್ಮೆಯೂ ಹೊಳೆದಿರಲಿಲ್ಲವಲ್ಲ!

"ಈಗ ಏನ್ ಮಾಡ್ಲಿ?"

"ಸಂಜೆ ಸಭೇಲಿ ಆ ಮಾತು ನಿಂದಲ್ಲ ಅಂತ ಹೇಳು. ಯಾರದು ಅಂತಾನೂ ಹೇಳು."

"ಮಾವ ಬರ್ತಾರೆ."

"ಬರ್ಲಿ."

"ನಿಮಗೇನು, ಟ್ಯಾಂಕು ಬೇಕೋ?"

"ಇನ್ನೂ ಗೊತ್ತಿಲ್ಲ. ಓದ್ತಾ ಇದೀನಿ," ಎಂದು ಅಕ್ಕ ಕನ್ನಡಕ ಏರಿಸಿ ಕರಡಿಗೆ ಮರಳಿದರು. ಗೊತ್ತಿಲ್ಲ ಎನ್ನಲು ಅವರಿಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ಅವನಿಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಪುರಭವನ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಮಾವ, ಇಸ್ತ್ರಿ ಮಾಡಿದ ಕೋಟು. ಕೊನೆಯ ಸಾಲಿನಲ್ಲಿ ಅಕ್ಕ. ಅಧ್ಯಕ್ಷರು ಅದೇ ವಾಕ್ಯ ಹೇಳಿ ಅವನನ್ನು ಕರೆದರು. ಅವನು ಮೈಕಿನ ಮುಂದೆ ನಿಂತ.

"ಆ ಮಾತು ನನ್ನದಲ್ಲ," ಎಂದ.

ಚಪ್ಪಾಳೆ ಬಿತ್ತು. "ಎಷ್ಟು ವಿನಯ ನೋಡಿ!" ಎಂದರು ಅಧ್ಯಕ್ಷರು.

"ನಿಜವಾಗ್ಲೂ ನನ್ನದಲ್ಲ. ಅದು..."

"ನಮ್ಮೆಲ್ಲರದು!" ಮಾವ ಎದ್ದು ನಿಂತು ಕೂಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಸಭೆಗೆ ಸಭೆಯೇ ಎದ್ದಿತು. ಇಪ್ಪತ್ತು ಚಳಿಗಾಲ, ಎಂದು ಯಾರೋ ಶುರು ಮಾಡಿದರು. ಮಿಕ್ಕದ್ದನ್ನು ಎಲ್ಲರೂ ಚಪ್ಪಾಳೆಯ ತಾಳಕ್ಕೆ ಒಟ್ಟಿಗೆ ಹೇಳಿದರು. ರೇಡಿಯೊ, ಎಂದು ಅವನು ಹೇಳಿದ್ದು ಅವನಿಗೇ ಕೇಳಿಸಲಿಲ್ಲ.

ಅಕ್ಕ ಎದ್ದರು. ಒಂದೊಂದೇ ಕುರ್ಚಿಯ ಬೆನ್ನು ಹಿಡಿದುಕೊಂಡು, ವಿಳಾಸಗಳ ಆ ಹಾಳೆ ಕೈಯಲ್ಲಿ, ಮೈಕಿನ ಕಡೆಗೆ ಬರತೊಡಗಿದರು. ಅಭಿನಂದಿಸಲು ಬರುತ್ತಿದ್ದಾರೆಂದು ಜನ ನಗುನಗುತ್ತ ದಾರಿ ಬಿಟ್ಟರು. ಎಂಥ ಹೆಂಗಸು, ಎಂದುಕೊಂಡ ಅವನು. ಎದೆ ತುಂಬಿ ಬಂತು. ಅಂಗೈ ಯಾಕೋ ಬಿಸಿಯಾಗಿತ್ತು. ತಲೆ ತಗ್ಗಿಸಿ ನೋಡಿದ. ಅವನ ಎರಡು ಕೈಗಳೂ, ಎಲ್ಲರ ಲಯಕ್ಕೆ ಸರಿಯಾಗಿ, ಚಪ್ಪಾಳೆ ತಟ್ಟುತ್ತಿದ್ದವು.